ಮೆಣಸಿನಕಾಯಿ ಕಣದಲ್ಲಿ ಕುದುರೆ

ಕುದುರೆ ಇರುವ ಮನೆಯವರು ನಗುವುದಕ್ಕೆಂದು ಎಲ್ಲಿಗೂ ಹೋಗಬೇಕಾಗಿಲ್ಲ. ಮುಂಜಾನೆ ಲಾಯದ ಬಾಗಿಲು ತೆಗೆದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ.

ನಾನು ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನವಳು. ಎತ್ತು, ಎಮ್ಮೆ ನೋಡಿ ಬೆಳೆದ ನನ್ನನ್ನು ಯಲವಿಗಿ ರಸ್ತೆಯ ಒಂದು ಟಾಂಗಾ ಮನೆಗೆ ಕೊಟ್ಟರು. ನಮ್ಮ ಮಾವನವರು ಯಲವಿಗಿ ಸ್ಟೇಶನ್ನಿನಿಂದ ಸವಣೂರಿಗೆ ಟಾಂಗಾ ಹೊಡೆದವರು. ಟಂಟಂ ರಿಕ್ಷಾ ಬಂದ ಮೇಲೆ ಟಾಂಗಾ ನಿಂತಿತು, ಲಾಯ ನಿಲ್ಲಲಿಲ್ಲ. ಕುದುರೆ ಇದ್ದೂ ಕಟ್ಟಲು ಜಾಗ ಇಲ್ಲದವರು ನಮ್ಮಲ್ಲಿ ತಂದು ಕಟ್ಟುತ್ತಿದ್ದರು. ಮೇವು, ಹುರುಳಿ, ಮೈ ತಿಕ್ಕುವುದು ಎಲ್ಲಾ ನಮ್ಮ ಕಡೆ.

ಈಗ ಮಾವನವರಿಲ್ಲ. ಆದರೂ ಎಲ್ಲಿಯಾದರೂ ಹುರುಳಿ ಬೇಯುವ ವಾಸನೆ ಬಂದರೆ ಅವರು ಲಾಯದ ಬಾಗಿಲಲ್ಲಿ ನಿಂತು ಕೆಮ್ಮಿದಂತಾಗುತ್ತದೆ. ಅದರ ಬೆನ್ನಿಗೇ ನಗು ಬರುತ್ತದೆ. ಯಾಕೆ ಅಂತ ಹೇಳುತ್ತೇನೆ.

ಅಮೀನಾ ಎಲ್ಲಿ?

ಶಿಗ್ಗಾವಿಯ ಹಲ್ಲಿನ ಡಾಕ್ಟರೊಬ್ಬರು ಕುದುರೆ ಕೊಂಡರು. ಅವರದು ಮಹಡಿ ಮೇಲೆ ಮನೆ, ಕೆಳಗೆ ದವಾಖಾನೆ. ಕುದುರೆಯನ್ನು ಎಲ್ಲಿ ಕಟ್ಟಬೇಕು ಅನ್ನುವುದು ಅವರಿಗೆ ಕೊಂಡ ಮೇಲೆ ಹೊಳೆಯಿತಂತೆ. ಯಾರೋ ನಮ್ಮ ಲಾಯದ ಸುದ್ದಿ ಹೇಳಿದರು. ಒಂದು ಮುಂಜಾನೆ ಟೆಂಪೋದಲ್ಲಿ ಕಂದು ಬಣ್ಣದ ಗಂಡು ಕುದುರೆ, ಅದರ ಹಿಂದೆ ಕಾರಿನಲ್ಲಿ ಡಾಕ್ಟರು ಬಂದಿಳಿದರು.

ಲಾಯ ನೋಡಿದರು, ನೀರಿನ ತೊಟ್ಟಿ ನೋಡಿದರು, ಮೇವು ಮೂಸಿ ನೋಡಿದರು. ಎಲ್ಲಾ ಮನಸ್ಸಿಗೆ ಬಂತು. ಕೊನೆಗೆ ಸುತ್ತಲೂ ಕಣ್ಣಾಡಿಸಿ, "ಎಲ್ಲಾ ಛಲೋ ಐತ್ರಿ ಯಜಮಾನ್ರ. ಆದ್ರ ಅರೀನಾ ಎಲ್ಲಿ?" ಅಂದರು.

ಮಾವನವರಿಗೆ ಕಿವಿ ಸ್ವಲ್ಪ ಮಂದ. "ಅಮೀನಾನ? ಆಕಿ ಇಲ್ಲಿ ಯಾಕ ಇರ್ತಾಳ್ರಿ? ಸವಣೂರ ಬಜಾರದಾಗ ಬಳಿ ಅಂಗಡಿ ಐತಿ ಆಕಿದು."

"ಹಂಗಲ್ರಿ, ಕುದರಿ ಓಡಸಾಕ ಬೇಕಲ್ರಿ ಅದು!"

"ಆಕಿ ಕುದರಿ ಓಡಸ್ತಾಳೇನ್ರಿ?" ಮಾವನವರು ದಂಗಾದರು. "ನಮಗ ಗೊತ್ತ ಇರಲಿಲ್ಲ ನೋಡ್ರಿ. ಭಾಳ ಸಂಭಾವಿತ ಹೆಣಮಗಳು."

ಡಾಕ್ಟರು ಒಂದು ಕಡ್ಡಿ ತಗೊಂಡು ನೆಲದ ಮೇಲೆ ದೊಡ್ಡ ಸುತ್ತು ಬರೆದರು. ಸುತ್ತಲೂ ಬೇಲಿ, ಒಳಗೆ ಉಸುಕು, ಉಸುಕಿನ ಮೇಲೆ ಕುದುರೆ. ಸವಾರಿ ಕಲಿಯುವವರಿಗೆ ಇದು ಬೇಕೇ ಬೇಕು, ಬಿದ್ದರೂ ಪೆಟ್ಟಾಗುವುದಿಲ್ಲ, ಕುದುರೆ ಓಡಿಹೋಗುವುದಿಲ್ಲ ಎಂದು ತಿಳಿಸಿ ಹೇಳಿದರು. ಮಾವನವರು ಆ ಚಿತ್ರದ ಸುತ್ತ ಒಂದು ಸಲ ತಿರುಗಿ ಬಂದರು.

"ಇದರಾಗ ಕುದರಿ ಎಲ್ಲಿಗೆ ಹೋಗತೈತ್ರಿ?"

"ಎಲ್ಲಿಗೂ ಹೋಗೂದಿಲ್ರಿ. ಒಳಗ ಸುತ್ತ ತಿರಗತೈತಿ."

"ಓಹೋ, ಗಾಣ ಅನ್ರಿ ಮತ್ತ," ಅಂದರು ಮಾವನವರು. "ಎಣ್ಣಿ ಎಲ್ಲಿ ಬೀಳತೈತಿ?"

ಗಾಡಿ ಎಲ್ಲಿ ಬಿಟ್ಟಿ?

ಅರೀನಾ ಇಲ್ಲದಿದ್ದರೂ ಡಾಕ್ಟರು ಕುದುರೆಯನ್ನು ನಮ್ಮಲ್ಲೇ ಬಿಟ್ಟರು. "ಇಷ್ಟ ದೊಡ್ಡ ರಸ್ತೆ ಐತಿ. ನಾನು ಜೀವಮಾನ ಪೂರ್ತಿ ಇದರ ಮ್ಯಾಲ ಹೊಡದೇನಿ. ಉಸುಕು ಯಾಕ ಬೇಕು?" ಅನ್ನುವುದು ಮಾವನವರ ವಾದ. ಡಾಕ್ಟರ ಸ್ವಂತ ಕುದುರೆ ಇನ್ನೂ ಎಳೆಯದು, ಬಿಸಿರಕ್ತದ್ದು. ಅದಕ್ಕೆ ಮೊದಲು ನಮ್ಮ ಟಾಂಗಾದ ಮುದಿ ಹೆಣ್ಣು ಕುದುರೆಯ ಮೇಲೆ ಕಲಿಯುವುದು ಅಂತ ಠರಾವಾಯಿತು. ಅದು ಎಷ್ಟು ಸಾಧು ಅಂದರೆ ಮೈಮೇಲೆ ಕಾಗೆ ಕೂತರೂ ಕಾಗೆಗೆ ತೊಂದರೆಯಾದೀತೆಂದು ಅಲುಗಾಡುತ್ತಿರಲಿಲ್ಲ.

ಮೊದಲನೇ ಸಂಜೆ ಡಾಕ್ಟರು ತಲೆಗೆ ಟೊಪ್ಪಿಗೆ, ಕಾಲಿಗೆ ಮೊಣಕಾಲು ಮಟ್ಟದ ಬೂಟು ಹಾಕಿಕೊಂಡು ಯಲವಿಗಿ ಕಡೆ ಹೊರಟರು. ಸ್ವಲ್ಪ ಹೊತ್ತಿಗೆ ದೂರದಲ್ಲಿ ರೈಲು ಸೀಟಿ ಹೊಡೆಯಿತು. ಕುದುರೆ ಕಿವಿ ನಿಮಿರಿಸಿತು. ಆಮೇಲೆ ಡಾಕ್ಟರು ಲಗಾಮು ಎತ್ತ ಎಳೆದರೂ ಅದು ಸೀದಾ ಸ್ಟೇಶನ್ನಿಗೆ ನಡೆದು, ಬೇವಿನ ಗಿಡದ ಕೆಳಗೆ ತನ್ನ ಹಳೆಯ ಜಾಗದಲ್ಲಿ ನಿಂತಿತು. ಡಾಕ್ಟರು ಹಿಮ್ಮಡಿ ಒತ್ತಿದರು, ಗದರಿಸಿದರು, ಕೈಮುಗಿದರು. ಕುದುರೆ ಸಿಟ್ಟಾಗಲಿಲ್ಲ, ಸರಿಯಲೂ ಇಲ್ಲ.

ರೈಲಿನಿಂದ ಇಳಿದ ಒಬ್ಬ ಮುದುಕಿ ಚೀಲ ಹೊತ್ತುಕೊಂಡು ಹತ್ತಿರ ಬಂದಳು. ಅವಳಿಗೆ ಕುದುರೆಯ ಗುರುತು ಹತ್ತಿತು, ಮೇಲೆ ಕೂತವನ ಗುರುತು ಹತ್ತಲಿಲ್ಲ.

"ಏನೋ ತಮ್ಮಾ, ಕುದರಿ ಅಷ್ಟ ತಂದೀಯಲ್ಲ, ಗಾಡಿ ಎಲ್ಲಿ ಬಿಟ್ಟಿ?"

"ಅಜ್ಜೀ, ನಾನು ಡಾಕ್ಟರು," ಅಂದರು ಅವರು.

"ಇದ್ರ ಇರಲಿ ಬಿಡು. ನನಗ ಚೀಲ ಭಾರ ಆಗೇತಿ," ಎಂದವಳೇ ಚೀಲವನ್ನು ಎತ್ತಿ ಅವರ ಮುಂದೆ ಕುದುರೆಯ ಬೆನ್ನ ಮೇಲೆ ಇಟ್ಟಳು.

ಸಾಮಾನು ಹೇರಿದ್ದು ಗೊತ್ತಾಗಿದ್ದೇ ತಡ, ಕುದುರೆ ಸವಣೂರಿನ ಹಾದಿ ಹಿಡಿಯಿತು. ಮುದುಕಿ ಬೊಬ್ಬೆ ಹೊಡೆಯುತ್ತ ಟಂಟಂ ಹತ್ತಿದಳು. ನಾವು ಮನೆಯ ಕಟ್ಟೆ ಮೇಲೆ ಕೂತಿದ್ದೆವು. ತೊಡೆ ಮೇಲೆ ಚೀಲ ಅಪ್ಪಿಕೊಂಡ ಡಾಕ್ಟರು ನಮ್ಮ ಮುಂದೆಯೇ ಸಾಗಿದರು.

"ಡಾಕ್ಟರ್ರ, ಎಲ್ಲಿಗೆ ಹೊಂಟ್ರಿ?" ಮಾವನವರು ಕೂಗಿದರು.

"ಗೊತ್ತಿಲ್ರಿ!"

"ಇರಲಿ ಬಿಡ್ರಿ, ಕುದರಿಗೆ ಗೊತ್ತೈತಿ!"

ಹಿಂದೆಯೇ ಟಂಟಂನಿಂದ ತಲೆ ಹೊರಗೆ ಹಾಕಿ ಮುದುಕಿ, "ಅಂವನ್ನ ಹಿಡೀರಿ! ನನ್ನ ಚೀಲಾ!" ಎಂದು ಅರಚುತ್ತ ಹೋದಳು. ಮಾವನವರು ಮತ್ತೊಂದು ಟಂಟಂ ಹಿಡಿದು ಬೆನ್ನು ಹತ್ತಿದರು. ಸವಣೂರ ಬಸ್‌ಸ್ಟ್ಯಾಂಡಿನ ಹತ್ತಿರ ಕುದುರೆ ತಾನೇ ನಿಂತಿತ್ತು. ಮುದುಕಿ ಚೀಲ ಇಳಿಸಿಕೊಂಡು, ಒಳಗೆ ಕೈಯಾಡಿಸಿ ಎಲ್ಲಾ ಇದೆ ಅಂತ ಖಾತ್ರಿ ಮಾಡಿಕೊಂಡು, ಬೆವರಿನಲ್ಲಿ ತೊಯ್ದ ಡಾಕ್ಟರನ್ನು ಮೇಲೆ ಕೆಳಗೆ ನೋಡಿದಳು.

"ನಾಡಿದ್ದ ವಾಪಸ್ ಹೋಗಾಕಿ ಅದೇನಿ. ಬರೂ ಮುಂದ ಗಾಡಿ ಕಟಗೊಂಡ ಬಾ."

ಬೂಟು

ನಮ್ಮ ಕಡೆಯದು ಎರೆಮಣ್ಣು. ಬೇಸಿಗೆಯಲ್ಲಿ ಕಲ್ಲು, ಮಳೆಗಾಲದಲ್ಲಿ ಅಂಟು. ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಕುದುರೆಗಳು ಲಾಯದಲ್ಲಿ ನಿಂತು ನಿಂತು ಬೇಸತ್ತು ಗೋಡೆ ಒದೆಯತೊಡಗಿದವು. ಒಂದು ದಿನ ಮಳೆ ಬಿಟ್ಟಾಗ ಡಾಕ್ಟರು ತಮ್ಮ ಕುದುರೆಯನ್ನು ಹೊಲದ ಬದುವಿನ ಮೇಲೆ ನಡೆಸಲು ಹೋದರು. ಹಗ್ಗ ಹಿಡಿದು ಮುಂದೆ ಹೊರಟಿದ್ದರು. ಕುದುರೆ ಜೋರಾಗಿ ನಡೆಯಿತು, ಡಾಕ್ಟರೂ ಜೋರಾಗಿ ನಡೆದರು, ಬೂಟು ಮಾತ್ರ ನಡೆಯಲಿಲ್ಲ. ಒಂದು ಇಲ್ಲಿ, ಇನ್ನೊಂದು ಸ್ವಲ್ಪ ಆಚೆ, ಕೆಸರಿನಲ್ಲಿ ನೆಟ್ಟಗೆ ನಿಂತಿದ್ದವು.

ಬರಿಗಾಲಲ್ಲಿ ವಾಪಸು ಬಂದ ಡಾಕ್ಟರಿಗೆ ಬಿಸಿನೀರು ಕೊಟ್ಟೆ. ಬೂಟು ಕಿತ್ತು ತರಲು ಮಾವನವರು ಹೋದರು. ತಂದು ತೊಳೆದು ಕಟ್ಟೆಯ ಮೇಲೆ ಇಟ್ಟು, "ಡಾಕ್ಟರ್ರ, ಹಲ್ಲು ಕೀಳೂದು ಭಾಳ ಸಸಾರ ಬಿಡ್ರಿ," ಅಂದರು.

ಅತ್ತೆಯ ಕಣ

ಬೂಟಿನ ಪ್ರಸಂಗದ ಮೇಲೆ ಡಾಕ್ಟರು ಬೇಜಾರಾದರು. "ಯಜಮಾನ್ರ, ನಿಮ್ಮಂಗ ಕುದರಿ ನೋಡಿಕೊಳ್ಳೋರು ಸಿಗೂದಿಲ್ಲ. ಆದ್ರ ಉಸುಕಿನ ಜಾಗ ಇಲ್ದ ನಡಿಯೂದಿಲ್ರಿ. ಧಾರವಾಡದಾಗ ಒಬ್ಬರು ಇಟಗೋತೇನಿ ಅಂದಾರ," ಅಂದರು. ಸವಣೂರಿನ ಚಾಚಾನೂ ಅದೇ ರಾಗ ಹಾಡಿದರು. ಚಾಚಾ ಅಂದರೆ ಮದುವೆ ಮೆರವಣಿಗೆಗೆ ಕುದುರೆ ಕೊಡುವವರು. ಅವರ ಬಿಳಿ ಹೆಣ್ಣು ಕುದುರೆಯನ್ನು ನಮ್ಮಲ್ಲೇ ಕಟ್ಟುತ್ತಿದ್ದರು. "ದೋಸ್ತ, ಕೂತು ಕೂತು ಇದರ ಹೊಟ್ಟಿ ನೋಡು. ಮದಮಗ ಕಾಲು ಅಗಲ ಮಾಡಿ ಕುಂಡ್ರಬೇಕಾಗೇತಿ," ಎಂದು ಮಾವನವರ ಮುಂದೆ ಗೊಣಗಿದರು.

ಇವೆರಡೂ ಹೋದರೆ ಉಳಿಯುವುದು ಮುದಿ ಕುದುರೆ ಒಂದೇ. ಮಾವನವರು ಊಟಕ್ಕೆ ಕರೆದರೆ ತಡವಾಗಿ ಬರುತ್ತಿದ್ದರು. ತಟ್ಟೆ ಮುಂದೆ ಕೂತು ರೊಟ್ಟಿಯನ್ನು ಮುರಿದು ಮುರಿದು ಇಡುತ್ತಿದ್ದರು.

ಮನೆಯ ಹಿಂದೆ ಒಂದು ದೊಡ್ಡ ಕಣ ಇತ್ತು. ಅದು ಅತ್ತೆಯವರದು. ಮೆಣಸಿನಕಾಯಿ ಒಣಗಿಸುವುದಕ್ಕೆ ಅದರಂಥ ಜಾಗ ಸುತ್ತ ಎಲ್ಲೂ ಇಲ್ಲ ಎಂಬುದು ಅವರ ಹೆಮ್ಮೆ. ಧೈರ್ಯ ಮಾಡಿ ನಾನೇ ಕೇಳಿದೆ.

"ಅತ್ತಿಯಾರ, ಕಣಾನ ಕುದರಿಗೆ ಕೊಟ್ರ ಹೆಂಗ?"

"ಮೆಣಸಿನಕಾಯಿ ಎಲ್ಲಿ ಹಾಕ್ಲಿ? ಡಾಕ್ಟರ ತಲಿ ಮ್ಯಾಲ?"

ಸ್ವಲ್ಪ ಹೊತ್ತಿನ ಮೇಲೆ ಅತ್ತೆಯವರು ಲಾಯದ ಕಡೆ ಹೋದರು. ಮಾವನವರು ಡಾಕ್ಟರ ಕುದುರೆಯ ಜಾಗವನ್ನು ಗುಡಿಸುತ್ತಿದ್ದರು. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದರು. ಅತ್ತೆಯವರು ನಿಂತು ನೋಡಿ ಮರಳಿ ಬಂದು, ನನ್ನ ಮುಖ ನೋಡದೆ ಹೇಳಿದರು. "ಮುಂಜಾನೆ ಅಷ್ಟ. ಬಿಸಲು ಏರಿದ ಮ್ಯಾಲ ಕಣ ನಂದು."

ನಮ್ಮ ಮನೆಯವರು ಟ್ರ್ಯಾಕ್ಟರಿನಲ್ಲಿ ಉಸುಕು ತಂದು ಹಾಕಿದರು. ಬಿದಿರಿನ ಬೇಲಿ ಎದ್ದಿತು. ಡಾಕ್ಟರು ಖುಷಿಯಾದರು, ಚಾಚಾನ ಕುದುರೆಯ ಹೊಟ್ಟೆ ಇಳಿಯಿತು. ಮೆಣಸಿನಕಾಯಿ ಸುಗ್ಗಿ ಬಂದಾಗ ಅತ್ತೆಯವರು ಉಸುಕಿನ ಮೇಲೆ ತಾಡಪತ್ರಿ ಹಾಸಿ ಕಾಯಿ ಹರವುತ್ತಿದ್ದರು, ಸಂಜೆ ಬಳಿದು ಒಳಗೆ ಇಡುತ್ತಿದ್ದರು. ಒಂದು ಸಂಜೆ ಮಾತ್ರ ಬೆನ್ನು ನೋವೆಂದು ಕಣದ ನಡುವೆಯೇ ರಾಶಿ ಮಾಡಿ, ತಾಡಪತ್ರಿ ಮುಚ್ಚಿ ಬಿಟ್ಟರು.

ಮುಂಜಾನೆ ಡಾಕ್ಟರು ಕುದುರೆ ಹತ್ತಿ ರಾಶಿಯ ಸುತ್ತ ಓಡಿಸುತ್ತಿದ್ದರು. ಗಾಳಿಗೆ ತಾಡಪತ್ರಿಯ ತುದಿ ಪಟಪಟ ಬಡಿಯಿತು. ಕುದುರೆ ಬೆದರಿ ರಾಶಿಯೊಳಗೇ ನುಗ್ಗಿತು. ಕೆಂಪನೆಯ ಧೂಳು ಎದ್ದಿತು. ಮೊದಲು ಕುದುರೆ ಸೀನಿತು, ಆಮೇಲೆ ಡಾಕ್ಟರು. ಬಿಡಿಸಲು ಹೋದ ಮಾವನವರು ಸೀನಿದರು, ಬೈಯಲು ಹೋದ ಅತ್ತೆಯವರೂ ಸೀನಿದರು. ಒಂದು ಬೈಗುಳವೂ ಪೂರಾ ಆಗಲಿಲ್ಲ.

ಡಾಕ್ಟರು ಎಷ್ಟು ತೊಳೆದರೂ ಕಣ್ಣುರಿ ಹೋಗಲಿಲ್ಲ. ಹಾಗೆಯೇ ಶಿಗ್ಗಾವಿಗೆ ಹೋಗಿ ದವಾಖಾನೆಯಲ್ಲಿ ಕೂತರು. ಮೊದಲು ಬಂದವನು ಒಬ್ಬ ಪೈಲ್ವಾನನಂಥ ಆಳು. ಅವನ ಬಾಯಿ ತೆರೆಸಿ, ಬಗ್ಗಿ ನೋಡುವಷ್ಟರಲ್ಲಿ ಡಾಕ್ಟರ ಕಣ್ಣಿನಿಂದ ದಳದಳ ನೀರು ಇಳಿಯಿತು. ಮೂಗು ಎಳೆದುಕೊಂಡು, ಕಣ್ಣೊರೆಸಿಕೊಂಡು ಮತ್ತೆ ನೋಡಿದರು, ಮತ್ತೆ ನೀರು. ಆಳು ಅವರ ಕೈಯನ್ನು ಮೆಲ್ಲಗೆ ಸರಿಸಿ, ನಡುಗುವ ದನಿಯಲ್ಲಿ ಕೇಳಿದನಂತೆ:

"ಡಾಕ್ಟರ್ರ... ಮನಿಯವರನ್ನ ಕರಸ್ಲೇನ್ರಿ?"

ಮುಂದಿನ ನೋಟ

ಡಾಕ್ಟರು ಸವಾರಿ ಚೆನ್ನಾಗಿ ಕಲಿತರು. ಒಂದು ಮುಂಜಾನೆ ಅವರಿಗೆ ಏನನ್ನಿಸಿತೋ, "ಯಜಮಾನ್ರ, ನೀವೂ ಒಂದು ಸುತ್ತು ಹಾಕ್ರಿ," ಅಂದರು.

"ಏ ಬ್ಯಾಡ್ರಿ."

"ಯಾಕ್ರಿ? ನಿಮಗೇನು ಹೊಸಾದ?"

ಮಾವನವರು ಕಾಲ ಬೆರಳಿನಿಂದ ಉಸುಕು ಕೆದರಿದರು. "ಹೊಸಾದ್ರಿ. ನಾನು ಕುದರಿ ಮ್ಯಾಲ ಎಂದೂ ಕುಂತಿಲ್ಲ."

ನಾವೆಲ್ಲ ಅವರ ಮುಖ ನೋಡಿದೆವು. ಹೌದಲ್ಲ! ಟಾಂಗಾದವರು ಕೂತದ್ದು ಗಾಡಿಯ ಮೇಲೆ. ಬುದ್ಧಿ ಬಂದಾಗಿನಿಂದ ಕುದುರೆಗಳ ನಡುವೆ ಬದುಕಿದವರು ಅವುಗಳ ಬೆನ್ನೇರಿಯೇ ಇರಲಿಲ್ಲ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಅತ್ತೆಯವರು ಮೊರ ಹಿಡಿದುಕೊಂಡೇ ಬೇಲಿಯ ಹತ್ತಿರ ಬಂದರು. "ಕುಂಡ್ರ್ರಿ, ಏನಾಕ್ಕೈತಿ? ಉಸುಕ ಐತಿ. ಬಿದ್ರ ಈ ಕಡೆ ಬೀಳಬ್ಯಾಡ್ರಿ, ಕಾಯಿ ಆರ ಹಾಕೇನಿ."

ಮುದಿ ಕುದುರೆಯನ್ನು ಕಟ್ಟೆಯ ಬದಿಗೆ ನಿಲ್ಲಿಸಿದೆವು. ಮಾವನವರು ಧೋತರ ಕಚ್ಚೆ ಬಿಗಿದು, ಕುದುರೆಯ ಕುತ್ತಿಗೆ ಮುಟ್ಟಿ ಹಣೆಗೆ ಒತ್ತಿಕೊಂಡು, ಹತ್ತಿ ಕೂತರು. ಕುದುರೆಗೂ ಅಚ್ಚರಿಯಾಗಿರಬೇಕು. ಒಂದು ಸಲ ಹಿಂದೆ ತಿರುಗಿ ಯಾರೆಂದು ನೋಡಿಕೊಂಡು ಹೆಜ್ಜೆ ಹಾಕಿತು. ಮಾವನವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಎಳೆಬಿಸಿಲು ಅವರ ತಲೆಯ ಪಟಗದ ಮೇಲೆ ಬಿದ್ದಿತ್ತು. ಅತ್ತೆಯವರು ಮೊರ ಆಡಿಸುವುದನ್ನು ಮರೆತು ನಿಂತಿದ್ದರು. ಸುತ್ತು ಮುಗಿಸಿದ ಮೇಲೂ ಮಾವನವರು ಇಳಿಯಲಿಲ್ಲ, ಇನ್ನೊಂದು ಸುತ್ತು ಹೋದರು.

ಇಳಿದ ಮೇಲೆ ಡಾಕ್ಟರು ಕೇಳಿದರು, "ಹೆಂಗ ಅನಸ್ತ್ರಿ?"

ಮಾವನವರು ಕಣ್ಣೊರೆಸಿಕೊಂಡರು. "ನಲವತ್ತು ವರ್ಷ ಬರೇ ಬಾಲ ನೋಡಕೋಂತ ಬಂದೆ ನೋಡ್ರಿ," ಅಂದರು. "ಮುಂದಿನ ಕಡೆ ಇಷ್ಟ ಛಲೋ ಕಾಣತೈತಿ ಅಂತ ಒಂದು ಕುದರೀನೂ ಹೇಳಲಿಲ್ಲ."

ನನ್ನ ತಮ್ಮನ ಮೆರವಣಿಗೆ

ಚಿಕ್ಕೇರೂರಿನಲ್ಲಿರುವ ನನ್ನ ತಮ್ಮ ಲೈನ್‌ಮನ್. ಎಂಥ ಗಾಳಿ ಮಳೆಯಲ್ಲೂ ಸರಸರ ಕಂಬ ಹತ್ತುವವನು. ಅವನಿಗೆ ಹಾನಗಲ್ಲಿನ ಹುಡುಗಿ ಗೊತ್ತಾದಳು. ಹುಡುಗಿ ಬಸ್ ಕಂಡಕ್ಟರ್, ಮಾತು ಕಡಿಮೆ, ದನಿ ದೊಡ್ಡದು. ಬೀಗರದು ಒಂದೇ ಆಸೆ, ಅಳಿಯ ಕುದುರೆ ಮೇಲೆ ಬರಬೇಕು. ಚಾಚಾ ತಮ್ಮ ಬಿಳಿ ಕುದುರೆ ಕೊಡಲು ಕೂಡಲೇ ಒಪ್ಪಿದರು. ತಮ್ಮ ಮಾತ್ರ ಕುದುರೆ ನೋಡಿದ್ದೇ ನನ್ನ ಬೆನ್ನ ಹಿಂದೆ ಸರಿದ.

"ಅಷ್ಟೆತ್ತರದ ಕಂಬ ಹತ್ತತಿ, ಇದಕ್ಯಾಕ ಹೆದರತಿ?" ಅಂದೆ.

"ಅಕ್ಕಾ, ಕಂಬ ಹಿಂದ ತಿರಗಿ ನೋಡೂದಿಲ್ಲ," ಅಂದ.

ಅವನ ಅಂಜಿಕೆ ಬಿಡಿಸಬೇಕೆಂದು ಮದುವೆಗೆ ಮೊದಲು ಕರೆಸಿಕೊಂಡು ಕಣದಲ್ಲಿ ರೂಢಿ ಮಾಡಿಸಿದೆವು. ಚಾಚಾನ ಕುದುರೆಗೊಂದು ಗುಣ ಇತ್ತು, ಮೆರವಣಿಗೆಯದಾದ್ದರಿಂದ ಬ್ಯಾಂಡಿನ ಸಪ್ಪಳ ಕೇಳಿದರೆ ಮಾತ್ರ ನಡೆಯುತ್ತಿತ್ತು. ನಾನು ಬೇಲಿಯ ಹತ್ತಿರ ನಿಂತು ಮೊಬೈಲಿನಲ್ಲಿ ಬ್ಯಾಂಡ್ ಹಚ್ಚುತ್ತಿದ್ದೆ. ಅದು ಸುತ್ತುತ್ತಿತ್ತು. ತಮ್ಮ ಮೊದಲು ಕಣ್ಣು ಮುಚ್ಚಿ, ಆಮೇಲೆ ಒಂದು ಕಣ್ಣು ತೆರೆದು, ಕೊನೆಗೆ ಎರಡೂ ಕಣ್ಣು ತೆರೆದು ಕೂತ. ಉಸುಕಿನ ಅರೀನಾ ಇದ್ದದ್ದಕ್ಕೇ ಇವನು ಕಲಿತ ಅಂತ ಮಾವನವರೂ ಒಪ್ಪಿಕೊಂಡರು. ಕುದುರೆ ಏನು ಕಲಿಯಿತು ಅನ್ನುವುದನ್ನು ಯಾರೂ ಯೋಚಿಸಲಿಲ್ಲ.

ಮದುವೆ ದಿನ ಹಾನಗಲ್ಲ ಬಜಾರದಲ್ಲಿ ಮೆರವಣಿಗೆ ಚೆಂದ ಸಾಗಿತು. ಓಣಿ ಇಕ್ಕಟ್ಟು, ಚಾಚಾ ಲಗಾಮು ಹಿಡಿದಿದ್ದರು. ಕಲ್ಯಾಣ ಮಂಟಪದ ಮುಂದೆ ವಿಶಾಲ ಬಯಲು. ಬೀಗರು, ನೆಂಟರು, ನೋಡಲು ಬಂದವರು ಎಲ್ಲಾ ಸುತ್ತಲೂ ದುಂಡಗೆ ನಿಂತಿದ್ದರು. ಫೋಟೋದವನು, "ಚಾಚಾ, ಸರಕೊಳ್ರಿ, ಮದಮಗನ ಮುಂದ ನೀವ ಬರಾಕತ್ತೀರಿ," ಅಂದ. ಚಾಚಾ ಲಗಾಮು ಬಿಟ್ಟು ಬದಿಗೆ ಸರಿದರು.

ಕುದುರೆ ಸುತ್ತ ನಿಂತ ಜನರನ್ನು ಒಮ್ಮೆ ನೋಡಿತು. ಬ್ಯಾಂಡಿನವರು ಜೋರಾಗಿ ಬಾರಿಸಿದರು. ಅದು ಮಂಟಪದ ಬಾಗಿಲು ಬಿಟ್ಟು, ಜನರ ಅಂಚು ಹಿಡಿದು ಒಂದು ಸುತ್ತು ಹಾಕಿತು.

ಜನ ಚಪ್ಪಾಳೆ ತಟ್ಟಿದರು. ಕುದುರೆ ಇನ್ನೊಂದು ಸುತ್ತು ಹಾಕಿತು. ಹುಡುಗರು ಸೀಟಿ ಹೊಡೆದರು. ಮತ್ತೊಂದು ಸುತ್ತಿಗೆ ಬೀಗರ ಮುಖ ಗಂಭೀರವಾಯಿತು. "ಹಿರೇಕೆರೂರ ಕಡೆ ಹಿಂಗ ಪದ್ಧತಿ ಇರಬೇಕು," ಎಂದು ಹುಡುಗಿಯ ಸೋದರಮಾವ ಎಲ್ಲರಿಗೂ ತಿಳಿಹೇಳಿ, ತಾನೂ ಕೈಮುಗಿದು ಕುದುರೆಯ ಹಿಂದೆ ಸುತ್ತತೊಡಗಿದ. ಅವನ ಹಿಂದೆ ಇನ್ನೂ ನಾಲ್ಕು ಜನ ಹಿರಿಯರು. ಆರತಿ ತಟ್ಟೆ ಹಿಡಿದ ಮುತ್ತೈದೆಯರು ಮದುಮಗನಿಗೆ ಆರತಿ ಎತ್ತಬೇಕಲ್ಲ, ದೀಪಕ್ಕೆ ಸೆರಗು ಮರೆ ಮಾಡಿಕೊಂಡು ಅವರೂ ಓಡಿದರು.

ತಮ್ಮ ಎರಡೂ ಕೈಯಿಂದ ಕುದುರೆಯ ಜೂಲು ಹಿಡಿದಿದ್ದ. ಬಾಸಿಂಗ ಕಣ್ಣಿನ ಮೇಲೆ ಇಳಿದಿತ್ತು. ನನ್ನ ಮುಂದೆ ಹಾಯುವಾಗ, "ಅಕ್ಕಾ, ಇದನ್ನ..." ಅಂದ. ಅಷ್ಟರಲ್ಲಿ ಕುದುರೆ ಮುಂದೆ ಹೋಯಿತು. ಮುಂದಿನ ಸುತ್ತಿಗೆ ಬಂದಾಗ, "...ನಿಂದರಸಽ..." ಅಂದ. ಅದರ ಮುಂದಿನ ಸುತ್ತಿಗೆ, "...ನಿನ್ನ ಕಾಲ ಬೀಳತೇನಿ!"

ನಾನು ಬ್ಯಾಂಡಿನ ಮೇಸ್ತ್ರಿಯ ಹತ್ತಿರ ಓಡಿ ಬಾರಿಸುವುದನ್ನು ನಿಲ್ಲಿಸು ಎಂದು ಕೂಗಿದೆ. ಆ ಸಪ್ಪಳದಲ್ಲಿ ಅವನಿಗೆ ಏನು ಕೇಳಿತೋ, ತಲೆಯಾಡಿಸಿ ಇನ್ನೂ ಜೋರಾಗಿ ಬಾರಿಸಿದ. ಕುದುರೆ ನಡೆಯುವ ತನಕ ತಾವು ಬಾರಿಸಬೇಕು ಅಂತ ಅವರು, ಅವರು ಬಾರಿಸುವ ತನಕ ತಾನು ನಡೆಯಬೇಕು ಅಂತ ಕುದುರೆ. ಮಾವನವರು ಒಂದು ಕಡೆಯಿಂದ, ಚಾಚಾ ಇನ್ನೊಂದು ಕಡೆಯಿಂದ ಲಗಾಮಿಗೆ ಕೈ ಹಾಕಲು ಹೋದರು. ನಡುವೆ ಮುತ್ತೈದೆಯರು. ಬಾಗಿಲಲ್ಲಿ ಮದುವೆ ಮಾಡಿಸುವ ಅಯ್ಯನವರು ಅಕ್ಕಿಕಾಳಿನ ಮುಹೂರ್ತ ಮೀರುತ್ತದೆ ಎಂದು ಗಡಿಯಾರ ತೋರಿಸುತ್ತಿದ್ದರು. ನನ್ನ ಅವ್ವ ಅಳುವುದಕ್ಕೆ ಶುರು ಮಾಡಿದಳು.

ಆಗ ಮಂಟಪದ ಬಾಗಿಲಲ್ಲಿ ಮದುಮಗಳು ಬಂದು ನಿಂತಳು. ಮೈತುಂಬ ಅರಿಷಿಣ, ಕೈತುಂಬ ಹಸಿರು ಬಳೆ, ತಲೆತುಂಬ ಹೂವು. ಹಿಂದಿನಿಂದ ಹೆಂಗಸರು, "ಏ ಹೊರಗ ಹೋಗಬ್ಯಾಡಽ!" ಎಂದು ಸೆರಗು ಜಗ್ಗುತ್ತಿದ್ದರು. ಅವಳು ಒಂದು ಸುತ್ತು ಪೂರಾ ನೋಡಿದಳು. ನೋಡಿ, ಬಾಗಿಲ ಚೌಕಟ್ಟಿಗೆ ಅಂಗೈಯಿಂದ ಧಡ್ ಎಂದು ಬಡಿದು ಒಂದೇ ಕೂಗು ಹಾಕಿದಳು.

"ಹೋಲ್ಡಾನ್!"

ಬ್ಯಾಂಡ್ ನಿಂತಿತು. ಬ್ಯಾಂಡ್ ನಿಂತದ್ದಕ್ಕೆ ಕುದುರೆ ನಿಂತಿತು. ಕುದುರೆ ನಿಂತದ್ದಕ್ಕೆ ಹಿಂದಿನ ಸೋದರಮಾವ, ಹಿರಿಯರು, ಆರತಿಯವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತರು. ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಟಂಟಂ ಕೂಡ ನಿಂತಿತು.

ಸಪ್ಪಳ ಪೂರಾ ಅಡಗಿದ ಮೇಲೆ ತಮ್ಮ ಬಾಸಿಂಗ ಸರಿಸಿ ಮೆಲ್ಲಗೆ ಕಣ್ಣು ಬಿಟ್ಟ. ಎಲ್ಲಿದ್ದೇನೆ ಎಂದೇ ಅವನಿಗೆ ತಿಳಿದಂತಿರಲಿಲ್ಲ. ಮದುಮಗಳು ಅವನನ್ನೇ ನೋಡುತ್ತ, ಬಸ್ಸಿನಲ್ಲಿ ನಿದ್ದೆ ಹೋದವರನ್ನು ಎಬ್ಬಿಸುವ ದನಿಯಲ್ಲಿ ಅಂದಳು:

"ಹಾನಗಲ್ಲ ಬಂತು. ಇಳಕೋರಿ."